ಹಳೇ ಡೇಟಾಗೆ ಬಾಡಿಗೆ ಕಟ್ತಿರೋದು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಬಸ್‌ನಲ್ಲಿದ್ದೀರೋ, ಮೆಟ್ರೋದಲ್ಲಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಒಂದು ನಿಮಿಷ ನಿಮ್ಮ ಫೋನ್ ಬಗ್ಗೆ ಯೋಚಿಸಿ. 'ಸ್ಟೋರೇಜ್ ಫುಲ್' ಅನ್ನೋ ನೋಟಿಫಿಕೇಶನ್ ಕೊನೇ ಸಲ ಯಾವಾಗ ಬಂದಿತ್ತು? ಬಂದಾಗ ಏನ್ ಮಾಡಿದ್ರಿ? ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಫೋಟೋಗಳನ್ನ ಅಳಿಸಿರ್ತೀರಿ. ಒಂದೇ ಊಟದ್ದು ತೆಗೆದ ಎಂಟು ಫೋಟೋಲಿ ಏಳನ್ನ ಅಳಿಸಿರ್ತೀರಿ.

2021ರ ಜೂನ್ 1ರಂದು ಗೂಗಲ್ ಫೋಟೋಸ್‌ನಲ್ಲಿ ಲಿಮಿಟ್ ಇಲ್ಲದ ಉಚಿತ ಜಾಗ ನಿಂತುಹೋಯ್ತು. ಅಲ್ಲಿಂದ ಜಿಮೇಲ್, ಡ್ರೈವ್, ಫೋಟೋ ಎಲ್ಲಾ ಸೇರಿ 15 ಜಿಬಿ. ಆವತ್ತಿಂದ ನಾವೆಲ್ಲ ಸ್ವಲ್ಪ ಜಿಪುಣರಾದ್ವಿ. ಅದು ಒಳ್ಳೇದೇ ಆಯ್ತು ಅಂತ ನನ್ನ ಅಭಿಪ್ರಾಯ.

ಯಾಕಂದ್ರೆ ಕಂಪನಿಗಳಿಗೆ ಈ ಭಾಗ್ಯ ಇಲ್ಲ. ಕ್ಲೌಡ್‌ನಲ್ಲಿ ಡೇಟಾ ಇಡೋ ಕಂಪನಿಗೆ 'ಫುಲ್' ಅನ್ನೋ ಮೆಸೇಜ್ ಬರೋದೇ ಇಲ್ಲ. ಎಷ್ಟು ತುಂಬಿದ್ರೂ ಜಾಗ ಇರುತ್ತೆ. ತಿಂಗಳ ಕೊನೆಗೆ ಬಿಲ್ ಮಾತ್ರ ಬರುತ್ತೆ. ಇವತ್ತಿನ ಸಂಚಿಕೆ ಆ ಬಿಲ್ ಬಗ್ಗೆ.

ನಾನು ಓದಿದ್ದು ಬಿಕಾಂ. ಎಂಜಿನಿಯರ್ ಅಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ಈ ವಿಷಯ ಎಂಜಿನಿಯರ್‌ಗಳಿಗಿಂತ ಬಿಕಾಂ ಮಾಡಿದವರಿಗೆ ಬೇಗ ಅರ್ಥ ಆಗುತ್ತೆ ಅನ್ನೋದು ನನ್ನ ಅನುಭವ.

ನನ್ನ ಮೊದಲ ಕೆಲಸ ಬೆಂಗಳೂರಿನ ಒಂದು ಡೆಲಿವರಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ಹೆಸರು ಬೇಡ. ಆ ವರ್ಷ ಬಿಸಿನೆಸ್ ಡಲ್ ಇತ್ತು. ಆರ್ಡರ್‌ಗಳು ಹೆಚ್ಚಾಗ್ತಿರ್ಲಿಲ್ಲ, ಆದ್ರೆ ಕ್ಲೌಡ್ ಬಿಲ್ ಪ್ರತಿ ತಿಂಗಳೂ ಏರ್ತಿತ್ತು. ಖರ್ಚು ಕಡಿಮೆ ಮಾಡೋ ಪಟ್ಟಿ ತಯಾರಾಯ್ತು. ಅದರ ಮೂರನೇ ಸಾಲಿನಲ್ಲಿ ಕಸ್ಟಮರ್ ಸಪೋರ್ಟ್‌ನ ಇಬ್ಬರ ಕಾಂಟ್ರ್ಯಾಕ್ಟ್ ಇತ್ತು. ರಿನ್ಯೂ ಮಾಡೋದು ಬೇಡ ಅಂತ. ಅವರಿಬ್ಬರೂ ನನ್ನ ಜೊತೇಲೇ ಊಟಕ್ಕೆ ಕೂರೋರು. ಒಂದು ದಿನ ಒಬ್ಬರು ಡಬ್ಬಿ ಮುಚ್ಚುತ್ತಾ ಕೇಳಿದ್ರು, 'ಲಿಸ್ಟ್‌ನಲ್ಲಿ ನಮ್ಮ ಹೆಸರಿದೆ ಅಂತಾರಲ್ರೀ, ನಿಜಾನಾ?' ಪಟ್ಟಿ ಟೈಪ್ ಮಾಡಿದ್ದೇ ನಾನು. ಗೊತ್ತಿಲ್ಲ ಅಂದೆ.

ಆವತ್ತು ಸಂಜೆ ಕ್ಲೌಡ್ ಬಿಲ್‌ನ ಸಾಲು ಸಾಲಾಗಿ ಓದೋಕೆ ಕೂತೆ. ಅದರಲ್ಲಿ ದೊಡ್ಡ ಭಾಗ ಸ್ಟೋರೇಜ್. ಅದರೊಳಗೆ ಏನಿದೆ ಅಂತ ನಮ್ಮ ಡೆವಾಪ್ಸ್ ಹುಡುಗನನ್ನ ಕೇಳಿದೆ. ಹಳೇ ಕಸ್ಟಮರ್ ಕಾಲ್‌ಗಳ ರೆಕಾರ್ಡಿಂಗ್, ಡೆಲಿವರಿ ಆಯ್ತು ಅನ್ನೋಕೆ ಬಾಗಿಲ ಮುಂದೆ ತೆಗೆಯೋ ಫೋಟೋಗಳು, ಬ್ಯಾಕಪ್, ಬ್ಯಾಕಪ್‌ನ ಬ್ಯಾಕಪ್. 'ಮೂರು ವರ್ಷದ ಹಿಂದಿನ ಕಾಲ್ ರೆಕಾರ್ಡಿಂಗ್ ಯಾರು ಕೇಳ್ತಾರೆ?' ಅಂದೆ. 'ಯಾರೂ ಕೇಳಲ್ಲ ಗುರು. ಆದ್ರೆ ಅಳಿಸಿ ಅಂತ ಯಾರೂ ಹೇಳಿಲ್ಲ' ಅಂದ.

ಈ ಮಾತು ಇವತ್ತಿಗೂ ನನ್ನ ತಲೇಲಿದೆ. ಕೆಲಸದಲ್ಲಿರೋ ಇಬ್ಬರ ಸಂಬಳ ದುಬಾರಿ ಅಂತ ಮೀಟಿಂಗ್‌ನಲ್ಲಿ ಚರ್ಚೆ ಆಗ್ತಿತ್ತು. ಅವರು ಮೂರು ವರ್ಷದ ಹಿಂದೆ ಆಡಿದ ಮಾತುಗಳಿಗೆ ಮಾತ್ರ ಯಾರೂ ಪ್ರಶ್ನೆ ಮಾಡದೆ ಬಾಡಿಗೆ ಕಟ್ತಾ ಇದ್ವಿ.

ಈಗ ಆರ್ಡರ್ ಹೆಚ್ಚಾಗದಿದ್ರೂ ಬಿಲ್ ಯಾಕೆ ಏರುತ್ತೆ ಅನ್ನೋದನ್ನ ಲೆಕ್ಕ ಹಾಕೋಣ. ಅಮೆಜಾನ್‌ನ ಎಸ್3 ಸ್ಟೋರೇಜ್ 2006ರ ಮಾರ್ಚ್‌ನಲ್ಲಿ ಶುರುವಾದಾಗ ಒಂದು ಜಿಬಿಗೆ ತಿಂಗಳಿಗೆ 15 ಸೆಂಟ್ ಇತ್ತು. ಈಗ ಅಮೆರಿಕದ ವರ್ಜೀನಿಯಾ ಪ್ರದೇಶದ ದರದಲ್ಲಿ ಸುಮಾರು 2.3 ಸೆಂಟ್. ಅಂದ್ರೆ ಒಂದು ಟಿಬಿಗೆ ತಿಂಗಳಿಗೆ ಸುಮಾರು 23 ಡಾಲರ್. ಅಗ್ಗ ಅನ್ಸುತ್ತೆ ಅಲ್ವಾ?

ಒಂದು ಕಂಪನಿ ತಿಂಗಳಿಗೆ 2 ಟಿಬಿ ಹೊಸ ಡೇಟಾ ಹಾಕುತ್ತೆ ಅಂತಿಟ್ಕೊಳ್ಳಿ. ಮೊದಲ ತಿಂಗಳು 2 ಟಿಬಿಗೆ ಬಾಡಿಗೆ. ಎರಡನೇ ತಿಂಗಳು 4ಕ್ಕೆ, ಯಾಕಂದ್ರೆ ಹಳೇದು ಅಲ್ಲೇ ಇದೆ. ಹನ್ನೆರಡನೇ ತಿಂಗಳು 24ಕ್ಕೆ. ವರ್ಷದ ಒಟ್ಟು ಬಾಡಿಗೆ ಸುಮಾರು 3,600 ಡಾಲರ್. ಎರಡನೇ ವರ್ಷ ಅದೇ ಬಿಸಿನೆಸ್, ಅದೇ 2 ಟಿಬಿ, ಆದ್ರೆ ಬಾಡಿಗೆ ಸುಮಾರು 10,200 ಡಾಲರ್. ಅದೇ ಕಂಪನಿ ಮೂರು ತಿಂಗಳಾದ ಡೇಟಾನ ಅಳಿಸ್ತಾ ಹೋಗಿದ್ರೆ? ಯಾವತ್ತೂ 6 ಟಿಬಿಗಿಂತ ಹೆಚ್ಚು ಇರಲ್ಲ. ಎರಡನೇ ವರ್ಷದ ಖರ್ಚು ಸುಮಾರು 1,650 ಡಾಲರ್. ಒಂದೇ ಕೆಲಸ, ಒಂದೇ ದರ, ಆರು ಪಟ್ಟು ವ್ಯತ್ಯಾಸ. ಬಿಲ್ ಏರಿಸ್ತಿರೋದು ಹೊಸ ಡೇಟಾ ಅಲ್ಲ, ಹೋಗದೇ ಕೂತಿರೋ ಹಳೇ ಡೇಟಾ.

ಬಿಕಾಂನಲ್ಲಿ ಇನ್ವೆಂಟರಿ ಪಾಠ ಓದಿದವರಿಗೆ ಎಫ್‌ಎಸ್‌ಎನ್ ಅನಾಲಿಸಿಸ್ ನೆನಪಿರಬಹುದು. ಗೋಡೌನ್‌ನಲ್ಲಿರೋ ಸರಕನ್ನ ಮೂರು ಭಾಗ ಮಾಡ್ತೀವಿ: ಫಾಸ್ಟ್ ಮೂವಿಂಗ್, ಸ್ಲೋ ಮೂವಿಂಗ್, ನಾನ್ ಮೂವಿಂಗ್. ಬೇಗ ಹೋಗೋದನ್ನ ಬಾಗಿಲ ಹತ್ರ ಇಡು, ನಿಧಾನಕ್ಕೆ ಹೋಗೋದನ್ನ ಹಿಂದೆ ಇಡು, ಅಲುಗಾಡದೇ ಇರೋದನ್ನ ಮಾರು ಅಥವಾ ಎಸಿ. ಡೇಟಾಗೂ ಇದೇ ಪಾಠ. ಐಟಿ ಭಾಷೇಲಿ ಇದಕ್ಕೆ ಡೇಟಾ ಲೈಫ್‌ಸೈಕಲ್ ಮ್ಯಾನೇಜ್‌ಮೆಂಟ್ ಅಂತಾರೆ. ಹುಟ್ಟಿದಾಗ ಬಿಸಿ, ಆಮೇಲೆ ಬೆಚ್ಚಗೆ, ಆಮೇಲೆ ತಣ್ಣಗೆ, ಕೊನೆಗೆ ಇಲ್ಲ.

ನಮ್ಮ ಹಳೇ ಮನೆಗಳಲ್ಲಿ ಇದು ಗೊತ್ತಿತ್ತು. ಇವತ್ತಿನ ಅಡುಗೆಗೆ ಬೇಕಾದ್ದು ಡಬ್ಬದಲ್ಲಿ. ಮುಂದಿನ ತಿಂಗಳುಗಳಿಗೆ ಬೇಕಾದ್ದು ಕಣಜದಲ್ಲಿ. ಉತ್ತರ ಕರ್ನಾಟಕದ ಕಡೆ ಅದಕ್ಕೂ ಮುಂದಕ್ಕೆ ನೆಲದೊಳಗೆ ಹಗೇವು ತೋಡಿ ಜೋಳ ತುಂಬಿ ಮುಚ್ಚಿಬಿಡೋರು. ಒಂದು ಸೇರು ಜೋಳಕ್ಕೋಸ್ಕರ ಯಾರೂ ಹಗೇವು ತೆಗೆಯಲ್ಲ.

ಕ್ಲೌಡ್‌ನಲ್ಲೂ ಡಬ್ಬ, ಕಣಜ, ಹಗೇವು ಮೂರೂ ಇದೆ. ಎಸ್3ನಲ್ಲಿ ಸ್ಟ್ಯಾಂಡರ್ಡ್ ಅನ್ನೋದು ಡಬ್ಬ, ಜಿಬಿಗೆ 2.3 ಸೆಂಟ್. ಸ್ಟ್ಯಾಂಡರ್ಡ್ ಇನ್‌ಫ್ರೀಕ್ವೆಂಟ್ ಆ್ಯಕ್ಸೆಸ್ ಅನ್ನೋದು ಕಣಜ, 1.25 ಸೆಂಟ್. ಆದ್ರೆ ತೆಗೆದಾಗೆಲ್ಲ ಜಿಬಿಗೆ ಒಂದು ಸೆಂಟ್ ಬೇರೆ ಕೊಡ್ಬೇಕು. ಗ್ಲೇಸಿಯರ್ ಡೀಪ್ ಆರ್ಕೈವ್ ಅನ್ನೋದು ಹಗೇವು. 2019ರಲ್ಲಿ ಬಂತು. ಒಂದು ಟಿಬಿಗೆ ತಿಂಗಳಿಗೆ ಸುಮಾರು ಒಂದು ಡಾಲರ್, ಅಷ್ಟೇ. ಆದ್ರೆ ಫೈಲ್ ಬೇಕು ಅಂದ್ರೆ 12 ಗಂಟೆವರೆಗೆ ಕಾಯಬೇಕು. ಅಗ್ಗದ ದಾರಿಯಲ್ಲಿ ತೆಗೆದ್ರೆ 48 ಗಂಟೆವರೆಗೂ ಆಗಬಹುದು. ಇಟ್ಟ ಮೇಲೆ ಕನಿಷ್ಠ 180 ದಿನದ ಬಾಡಿಗೆ ಕಟ್ಟಲೇಬೇಕು, ಮಧ್ಯದಲ್ಲಿ ಅಳಿಸಿದ್ರೂ ಉಳಿದ ದಿನದ್ದು ವಸೂಲಾಗುತ್ತೆ. ಮೈಕ್ರೋಸಾಫ್ಟ್ ಅಝೂರ್, ಗೂಗಲ್ ಕ್ಲೌಡ್‌ನಲ್ಲೂ ಹೆಸರು ಬೇರೆ, ಲಾಜಿಕ್ ಇದೇ. ಗೂಗಲ್‌ನ ಆರ್ಕೈವ್ ಕ್ಲಾಸ್‌ನಲ್ಲಿ ಕನಿಷ್ಠ ಅವಧಿ 365 ದಿನ.

ಇದನ್ನೆಲ್ಲ ಒಂದು ವಾರಾಂತ್ಯದಲ್ಲಿ ಓದಿ, ನಾನು ಮೀಟಿಂಗ್‌ನಲ್ಲಿ ಎದ್ದು ನಿಂತೆ. '23 ಡಾಲರ್ ಎಲ್ಲಿ, 1 ಡಾಲರ್ ಎಲ್ಲಿ? ಒಂದು ವರ್ಷಕ್ಕಿಂತ ಹಳೇದನ್ನೆಲ್ಲ ಹಗೇವಿಗೆ ಹಾಕಿ ಸರ್' ಅಂದೆ. ಎಲ್ಲರೂ ಒಪ್ಪಿದ್ರು. ಮುಂದಿನ ತಿಂಗಳು ಬಿಲ್ ಕಡಿಮೆ ಆಗುತ್ತೆ, ಆ ಇಬ್ಬರ ಕಾಂಟ್ರ್ಯಾಕ್ಟ್ ವಿಷಯ ಆಮೇಲೆ ನೋಡೋಣ ಅಂತ ತೀರ್ಮಾನ ಆಯ್ತು.

ಮುಂದಿನ ತಿಂಗಳು ಬಿಲ್ ಹೆಚ್ಚಾಯ್ತು.

ತಪ್ಪು ನಂದು. ಕ್ಲೌಡ್‌ನವರದ್ದಲ್ಲ, ಅವರ ದರಪಟ್ಟಿಯಲ್ಲಿ ಬರೆದಿತ್ತು. ನಾನು ಜಾಗದ ದರ ಮಾತ್ರ ಓದಿದ್ದೆ, ಸಾಗಿಸೋ ಕೂಲಿ ಓದಿರ್ಲಿಲ್ಲ. ಒಂದು ಕ್ಲಾಸ್‌ನಿಂದ ಇನ್ನೊಂದಕ್ಕೆ ಡೇಟಾ ಸಾಗಿಸೋಕೆ ಕೂಲಿ ಇದೆ. ಅದು ತೂಕಕ್ಕಲ್ಲ, ಮೂಟೆ ಲೆಕ್ಕಕ್ಕೆ. ಡೀಪ್ ಆರ್ಕೈವ್‌ನ ದರ ತಗೊಂಡ್ರೆ 1,000 ಫೈಲ್‌ಗೆ 5 ಸೆಂಟ್. ಒಂದು ಟಿಬಿ ಡೇಟಾ ತಲಾ ಒಂದು ಜಿಬಿಯ 1,000 ಫೈಲ್‌ಗಳಾಗಿದ್ರೆ ಸಾಗಿಸೋಕೆ ಬರೀ 5 ಸೆಂಟ್. ಅದೇ ಒಂದು ಟಿಬಿ, ತಲಾ 50 ಕೆಬಿಯ 2 ಕೋಟಿ ಡೆಲಿವರಿ ಫೋಟೋಗಳಾಗಿದ್ರೆ? 1,000 ಡಾಲರ್.

ಅಲ್ಲಿಗೇ ಮುಗೀಲಿಲ್ಲ. ಅಲ್ಲಿ ಪ್ರತಿ ಫೈಲ್‌ಗೂ ಹೆಸರು, ವಿಳಾಸ ಬರೆದಿಡೋ ಜಾಗ ಅಂತ ಸುಮಾರು 40 ಕೆಬಿ ಹೆಚ್ಚುವರಿ ಲೆಕ್ಕ ಸೇರುತ್ತೆ. 50 ಕೆಬಿ ಫೋಟೋಗೆ 40 ಕೆಬಿ ಲೇಬಲ್. ಎಲ್ಲಾ ಕಳೆದ್ರೆ ತಿಂಗಳಿಗೆ ಉಳಿಯೋದು ಸುಮಾರು 18 ಡಾಲರ್. ಹಾಕಿದ 1,000 ಡಾಲರ್ ವಾಪಸ್ ಬರೋಕೆ ನಾಲ್ಕೂವರೆ ವರ್ಷ ಬೇಕು. ಪೇಬ್ಯಾಕ್ ಪೀರಿಯಡ್ ಅನ್ನೋ ಚಾಪ್ಟರ್ ನಾನು ಪರೀಕ್ಷೆಗೆ ಬರೆದಿದ್ದೆ. ಕೆಲಸಕ್ಕೆ ಬೇಕಾದಾಗ ಮರೆತಿದ್ದೆ. ಅಮೆಜಾನ್ 2024ರ ಸೆಪ್ಟೆಂಬರ್‌ನಲ್ಲಿ ನಿಯಮ ಬದಲಿಸಿತು. ಈಗ ನಾವಾಗಿ ಹೇಳದ ಹೊರತು 128 ಕೆಬಿಗಿಂತ ಚಿಕ್ಕ ಫೈಲ್‌ಗಳನ್ನ ಲೈಫ್‌ಸೈಕಲ್ ನಿಯಮ ಸಾಗಿಸಲ್ಲ. ಅಂದ್ರೆ ಈ ಗುಂಡಿಗೆ ಬಿದ್ದವನು ನಾನೊಬ್ಬನೇ ಅಲ್ಲ ಅನ್ಸುತ್ತೆ.

ಆ ತಿಂಗಳು ಆಫೀಸಿನಲ್ಲಿ ತಲೆ ಎತ್ತಿ ಓಡಾಡೋಕೆ ಆಗ್ಲಿಲ್ಲ. ಮೀಟಿಂಗ್ ಮುಗಿದ ಮೇಲೆ ಫೈನಾನ್ಸ್ ಮೇಡಂ ನನ್ನ ಕರೆದು, 'ಸಾಗಿಸೋದಕ್ಕಿಂತ ಮುಂಚೆ ಅದು ಬೇಕಾ ಬೇಡ್ವಾ ಕೇಳ್ಬೇಕಿತ್ತು' ಅಂದ್ರು. ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು.

ಅವರು ಹೇಳಿದ್ದು ಸರಿ. ಬೇಡದ ಸಾಮಾನನ್ನ ಅಗ್ಗದ ಗೋಡೌನ್‌ಗೆ ಹಾಕೋದು ಉಳಿತಾಯ ಅಲ್ಲ. ಹಾಗಾಗಿ ಎರಡನೇ ಸಲ ನಾವು ಮೊದಲು ಕಸ ಹುಡುಕಿದ್ವಿ. ನಿಮ್ಮಲ್ಲಿ ಯಾರಾದ್ರೂ ಸ್ಟಾರ್ಟಪ್‌ನಲ್ಲಿದ್ರೆ ಇದನ್ನ ಬರ್ಕೊಳ್ಳಿ, ಸಾಮಾನ್ಯವಾಗಿ ನಾಲ್ಕು ಕಡೆ ಸಿಗುತ್ತೆ.

ಒಂದು, ಹಳೇ ವರ್ಷನ್‌ಗಳು. ವರ್ಷನಿಂಗ್ ಆನ್ ಇದ್ರೆ ನೀವು ಫೈಲ್ ಅಳಿಸಿದ್ರೂ ಹಳೇ ಪ್ರತಿ ಒಳಗೇ ಇರುತ್ತೆ. ಕಣ್ಣಿಗೆ ಕಾಣಲ್ಲ, ಬಾಡಿಗೆ ಮಾತ್ರ ಓಡ್ತಿರುತ್ತೆ. ಎರಡು, ಅರ್ಧಕ್ಕೆ ನಿಂತ ಅಪ್‌ಲೋಡ್‌ಗಳು. ದೊಡ್ಡ ಫೈಲ್ ತುಂಡು ತುಂಡಾಗಿ ಹೋಗುವಾಗ ನೆಟ್ ಕಟ್ಟಾದ್ರೆ, ಹೋದ ತುಂಡುಗಳು ಅಲ್ಲೇ ಉಳಿದು ಬಿಲ್‌ಗೆ ಸೇರುತ್ತವೆ. ಇಂತಿಷ್ಟು ದಿನ ಆದ್ಮೇಲೆ ಅಳಿಸು ಅಂತ ಒಂದು ನಿಯಮ ಬರೆದ್ರೆ ಸಾಕು. ಮೂರು, ಯಜಮಾನ ಇಲ್ಲದ ಡಿಸ್ಕ್‌ಗಳು. ಸರ್ವರ್ ಮುಚ್ಚಿರ್ತಾರೆ, ಅದಕ್ಕೆ ಅಂಟಿದ್ದ ಡಿಸ್ಕ್ ಮತ್ತು ಸ್ನ್ಯಾಪ್‌ಶಾಟ್‌ಗಳನ್ನ ಮರೆತಿರ್ತಾರೆ. ನಾಲ್ಕು, ಟೆಸ್ಟಿಂಗ್‌ಗೆ ಅಂತ ಮಾಡಿದ ನಕಲು. 'ನಾಳೆ ಅಳಿಸ್ತೀನಿ' ಅಂದವರು ಕೆಲಸ ಬಿಟ್ಟು ಎರಡು ವರ್ಷ ಆಗಿರುತ್ತೆ.

ಇಷ್ಟು ಸುಲಭ. ಕಷ್ಟ ಶುರುವಾಗೋದು ನಿಜವಾದ ಡೇಟಾ ಬಂದಾಗ. 'ಇದನ್ನ ಅಳಿಸಬಹುದಾ?' ಅಂತ ಮೇಲ್ ಹಾಕಿದ್ರೆ ಯಾರೂ ಹೌದು ಅನ್ನಲ್ಲ. ಇಟ್ಕೊಂಡ್ರೆ ಯಾರ ಕೆಲಸವೂ ಹೋಗಲ್ಲ. ಅಳಿಸಿ, ನಾಳೆ ಬೇಕಾದ್ರೆ ಅಳಿಸಿದವರ ಕೆಲಸ ಹೋಗುತ್ತೆ. ಎಲ್ಲರೂ 'ಇರ್ಲಿ ಬಿಡಿ' ಅಂತಾರೆ.

'ಇರ್ಲಿ ಬಿಡಿ'ಗೆ ಉತ್ತರ ಕಾನೂನಿನಲ್ಲಿದೆ. ಇಲ್ಲಿ ಮತ್ತೆ ಬಿಕಾಂ ಉಪಯೋಗಕ್ಕೆ ಬಂತು. 2013ರ ಕಂಪನಿ ಕಾಯ್ದೆ ಪ್ರಕಾರ ಲೆಕ್ಕಪುಸ್ತಕಗಳನ್ನ ಕನಿಷ್ಠ 8 ಹಣಕಾಸು ವರ್ಷ ಇಡ್ಬೇಕು. ಜಿಎಸ್‌ಟಿ ದಾಖಲೆಗಳನ್ನ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೇ ದಿನದಿಂದ 72 ತಿಂಗಳು. ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಿಸ್ಟಂ ಲಾಗ್‌ಗಳು 180 ದಿನ. ಇವೆಲ್ಲ 'ಇಷ್ಟು ದಿನ ಇಡಿ' ಅನ್ನೋ ಕಾನೂನು.

'ಅಳಿಸಿ' ಅನ್ನೋ ಕಾನೂನೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಯಾವ ಉದ್ದೇಶಕ್ಕೆ ನಿಮ್ಮ ಮಾಹಿತಿ ತಗೊಂಡ್ರೋ ಆ ಉದ್ದೇಶ ಮುಗಿದ ಮೇಲೆ, ಬೇರೆ ಯಾವುದೇ ಕಾನೂನು ಇಡು ಅನ್ನದಿದ್ರೆ, ಕಂಪನಿ ಅದನ್ನ ಅಳಿಸಬೇಕು ಅನ್ನುತ್ತೆ ಇದು. ಸರಿಯಾದ ಭದ್ರತೆ ಇಲ್ಲದೆ ಮಾಹಿತಿ ಸೋರಿಹೋದ್ರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. ಈಗ ನಮ್ಮ ಡೆಲಿವರಿ ಫೋಟೋಗಳನ್ನ ನೆನಪಿಸ್ಕೊಳ್ಳಿ. ಜನರ ಮನೆ ಬಾಗಿಲು, ನೇಮ್‌ಪ್ಲೇಟ್, ಕೆಲವು ಸಲ ಬಾಗಿಲಲ್ಲಿ ನಿಂತ ಮಗು. ಪಾರ್ಸೆಲ್ ತಲುಪಿ, ದೂರು ಕೊಡೋ ಅವಧಿ ಮುಗಿದ ಮೇಲೆ ಅದು ನಮ್ಮ ಹತ್ರ ಯಾಕಿರಬೇಕು? ನಮ್ಮ ಹತ್ರ ಇಲ್ಲದ ಫೋಟೋ ನಮ್ಮಿಂದ ಸೋರೋಕೆ ಸಾಧ್ಯ ಇಲ್ಲ.

ಹಾಗಂತ ಕಣ್ಮುಚ್ಚಿ ಅಳಿಸೋಕೂ ಆಗಲ್ಲ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ 2021ರ ಡಿಸೆಂಬರ್‌ನಲ್ಲಿ ಏನಾಯ್ತು ಕೇಳಿ. ಅಲ್ಲಿನ ಸೂಪರ್‌ಕಂಪ್ಯೂಟರ್‌ನಲ್ಲಿ ಹಳೇ ಲಾಗ್ ಫೈಲ್‌ಗಳನ್ನ ಮಾತ್ರ ಅಳಿಸೋಕೆ ಒಂದು ಸ್ಕ್ರಿಪ್ಟ್ ಇತ್ತು. ಅದು ಓಡ್ತಿರುವಾಗಲೇ ಅದನ್ನ ಹೊಸ ವರ್ಷನ್‌ಗೆ ಬದಲಿಸಿದ್ರು. ಸ್ಕ್ರಿಪ್ಟ್ ದಾರಿ ತಪ್ಪಿ ಸುಮಾರು 77 ಟಿಬಿ, 3.4 ಕೋಟಿ ಫೈಲ್‌ಗಳನ್ನ ಅಳಿಸಿಹಾಕ್ತು. 14 ಸಂಶೋಧನಾ ತಂಡಗಳಿಗೆ ಪೆಟ್ಟು ಬಿತ್ತು. ಅದರಲ್ಲಿ ಕೆಲವರ ಡೇಟಾ ವಾಪಸ್ ಬರಲೇ ಇಲ್ಲ. ಕಸ ಗುಡಿಸೋ ಪೊರಕೆ ಮನೇನೇ ಗುಡಿಸಿದ ಹಾಗೆ. ಅದಕ್ಕೇ ಅಳಿಸೋ ನಿಯಮವನ್ನ ಮೊದಲು ಒಂದು ಚಿಕ್ಕ ಫೋಲ್ಡರ್ ಮೇಲೆ ಓಡಿಸಿ ನೋಡ್ಬೇಕು. ಅಳಿಯೋ ಪಟ್ಟಿಯನ್ನ ಮನುಷ್ಯರೊಬ್ಬರು ಓದಬೇಕು. ತಕ್ಷಣ ಅಳಿಸದೆ, ಕೆಲವು ವಾರ ವಾಪಸ್ ತಗೊಳ್ಳೋಕೆ ಆಗೋ ಹಾಗೆ ಇಡ್ಬೇಕು.

ನಾವು ಕೊನೆಗೆ ಮಾಡಿದ್ದು ದೊಡ್ಡ ಸಾಫ್ಟ್‌ವೇರ್ ಅಲ್ಲ. ಒಂದು ಎಕ್ಸೆಲ್ ಶೀಟ್. ಪ್ರತಿ ಥರದ ಡೇಟಾಗೆ ಒಂದು ಸಾಲು, ನಾಲ್ಕು ಪ್ರಶ್ನೆ. ಇದರ ಯಜಮಾನ ಯಾರು? ಎಷ್ಟು ದಿನ ದಿನಬಳಕೆಯಲ್ಲಿರುತ್ತೆ? ಯಾವ ಕಾನೂನಿಗೆ ಎಷ್ಟು ವರ್ಷ ಬೇಕು? ಯಾವ ದಿನ ಅಳಿಸ್ತೀವಿ? ಪ್ರತಿ ಸಾಲಿಗೂ ಒಬ್ಬರ ಸಹಿ. ಸಹಿ ಹಾಕೋಕೆ ಯಾರೂ ಮುಂದೆ ಬರದ ಡೇಟಾದ ಬಾಡಿಗೆಯನ್ನ ಆ ವಿಭಾಗದ ಬಜೆಟ್‌ಗೇ ಹಾಕೋಕೆ ಶುರು ಮಾಡಿದ್ರು ಮೇಡಂ. ಅಲ್ಲೀವರೆಗೆ ಬಿಲ್ ಪೂರ್ತಿ ಐಟಿ ಹೆಸರಲ್ಲಿ ಹೋಗ್ತಿತ್ತು, ಯಾರಿಗೂ ಬಿಸಿ ತಟ್ಟಿರ್ಲಿಲ್ಲ. ತಮ್ಮ ಬಜೆಟ್‌ನಿಂದ ಹೋಗೋಕೆ ಶುರುವಾದ ವಾರವೇ ಮಾರ್ಕೆಟಿಂಗ್‌ನವರು ಹಳೇ ಜಾಹೀರಾತು ವಿಡಿಯೋಗಳನ್ನ ತಾವಾಗೇ ಅಳಿಸಿದ್ರು.

ಕಾಲ್ ರೆಕಾರ್ಡಿಂಗ್‌ಗಳಲ್ಲಿ ದೂರು ಬಾಕಿ ಇದ್ದವನ್ನ ಬಿಟ್ಟು ಹಳೇದೆಲ್ಲ ಹೋಯ್ತು. ಫೋಟೋಗಳಿಗೆ ಹುಟ್ಟುವಾಗಲೇ ಅಳಿಸೋ ತಾರೀಕು ಬಿತ್ತು. ಇನ್‌ವಾಯ್ಸ್‌ಗಳನ್ನ ತಿಂಗಳಿಗೊಂದು ದೊಡ್ಡ ಜಿಪ್ ಫೈಲ್ ಮಾಡಿ ಹಗೇವಿಗೆ ಹಾಕಿದ್ವಿ. ಈ ಸಲ ಮೂಟೆ ಲೆಕ್ಕ ಹಾಕಿ. ಮೂರನೇ ತಿಂಗಳಿಗೆ ಬಿಲ್ ಇಳಿಯಿತು. ಮುಖ್ಯವಾಗಿ, ಏರೋದು ನಿಂತಿತು.

ಆ ಇಬ್ಬರಲ್ಲಿ ಒಬ್ಬರ ಕಾಂಟ್ರ್ಯಾಕ್ಟ್ ರಿನ್ಯೂ ಆಯ್ತು. ಇನ್ನೊಬ್ಬರು, ಊಟದ ಹೊತ್ತಲ್ಲಿ ನನ್ನ ಕೇಳಿದವರು, ಅಷ್ಟು ದಿನ ಕಾಯೋಕಾಗದೆ ಬೇರೆ ಕಡೆ ಕಡಿಮೆ ಸಂಬಳಕ್ಕೆ ಸೇರಿಬಿಟ್ಟಿದ್ರು. ನಾನು ಮೊದಲ ಸಲ ದರಪಟ್ಟಿ ಪೂರ್ತಿ ಓದಿದ್ರೆ ಆ ಎರಡು ತಿಂಗಳು ಉಳೀತಿತ್ತು. ಅದನ್ನ ಯಾವ ಎಕ್ಸೆಲ್‌ನಲ್ಲಿ ಹೇಗೆ ತೋರಿಸೋದು ನಂಗೆ ಗೊತ್ತಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಈಗಷ್ಟೇ ಕೆಲಸಕ್ಕೆ ಸೇರಿರ್ತೀರಿ. ಅಕೌಂಟ್ಸ್ ಇರಲಿ, ಎಂಜಿನಿಯರಿಂಗ್ ಇರಲಿ, ಸಪೋರ್ಟ್ ಇರಲಿ. ಮುಂದಿನ ಸಲ ಆಫೀಸಿನಲ್ಲಿ ಹೊಸ ಫೋಲ್ಡರ್, ಹೊಸ ಬಕೆಟ್, ಹೊಸ ಬ್ಯಾಕಪ್ ಮಾಡುವಾಗ ಒಂದೇ ಪ್ರಶ್ನೆ ಕೇಳಿ: ಇದನ್ನ ಯಾವತ್ತು ಅಳಿಸೋದು, ಯಾರು ಅಳಿಸೋದು? ಉತ್ತರ ಫೋಲ್ಡರ್ ಹೆಸರಲ್ಲೇ ಬರೆದಿಡಿ. ಆವತ್ತು ಎರಡು ನಿಮಿಷದ ಕೆಲಸ. ಮೂರು ವರ್ಷ ಬಿಟ್ಟು ಕೇಳಿದ್ರೆ ಮೂರು ತಿಂಗಳ ಕೆಲಸ, ಜೊತೆಗೆ ಯಾರದೋ ಸಂಬಳ.

ನಾನೂ ಪಾಲಿಸ್ತೀನಿ. ಈ ಸಂಚಿಕೆಯ ಎಡಿಟ್ ಆದ ಆಡಿಯೋ ಉಳಿಯುತ್ತೆ. ನಾನು ತೊದಲಿದ, ಕೆಮ್ಮಿದ, ಮಧ್ಯೆ ಕುಕ್ಕರ್ ಕೂಗಿದ ಕಚ್ಚಾ ರೆಕಾರ್ಡಿಂಗ್‌ಗೆ ಈಗಲೇ ತಾರೀಕು ಹಾಕಿದ್ದೀನಿ, ಇವತ್ತಿಂದ 30 ದಿನ.

ನಿಮ್ಮ ಆಫೀಸಿನಲ್ಲಿ ಈ ಥರದ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಕಂಪನಿ ಹೆಸರು ಬೇಡ, ಲೆಕ್ಕ ಇರಲಿ.